ಮೂರನೆಯ ಕೂಗು

ಪರದೆಯ ಮೇಲ್ತುದಿಯಲ್ಲಿ ಒಂದು ಉಂಗುರ ಕಳಚಿದೆ, ಅದಕ್ಕೇ ಆ ಮೂಲೆ ಜೋಲುತ್ತದೆ, ಹಸಿರು ಬಟ್ಟೆ ಕಂಬಿಯನ್ನು ಬಿಟ್ಟ ಜಾಗದಲ್ಲಿ ಕೈಯಗಲದ ಕತ್ತಲೆ, ಒಳಗೆ ಅಷ್ಟು ದೀಪಗಳಿದ್ದೂ ಅಲ್ಲಿ ಮಾತ್ರ ಕತ್ತಲೆ ಏಕೆ — ಯಾರಾದರೂ ಒಂದು ಹೊಲಿಗೆ ಹಾಕಿದ್ದರೆ ಸಾಕಿತ್ತು, ಕೋಲಾರದ ಇಂಥ ದೊಡ್ಡ ಆಸ್ಪತ್ರೆಯಲ್ಲಿ ಸೂಜಿಗೆ ಬರವೇ — ಪಕ್ಕದಲ್ಲಿ ಅಮ್ಮ ಬೆಂಚಿನ ಮೇಲೆ ಕಾಲು ಮಡಿಸಿ ಕುಳಿತಿದ್ದಾಳೆ, ಎಡಗಡೆಯನ್ನು ಸೆರಗಿನಿಂದ ಬಿಗಿಯಾಗಿ ಹೊದ್ದು, ಗೌನಿಪಲ್ಲಿಯಿಂದ ಬಂದ ದಿನವೂ ಹೀಗೆಯೇ ಹೊದ್ದಿದ್ದಳು, ಚೈತ್ರದ ಉರಿಯಲ್ಲಿ ಮಾಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳ ಕೈಯಲ್ಲಿ ಮಾವಿನಕಾಯಿಯ ಚೀಲ, ನಾಲ್ಕು ದಿನ ಇದ್ದು ಹೋಗ್ತೀನಿ ಕಣೇ ಭಾರತಿ, ಉಪ್ಪಿನಕಾಯಿ ಹಾಕಿಕೊಟ್ಟು ಹೋಗ್ತೀನಿ, ಮಗಳ ಮನೇಲಿ ಬೇರು ಬಿಡಬಾರದು, ಈ ಸೆಕೆಯಲ್ಲಿ ಹೊದಿಕೆ ಏಕಮ್ಮ ಎಂದರೆ ವಯಸ್ಸಾಯ್ತಲ್ಲ ಎಂದಳು, ಬಚ್ಚಲಿನಲ್ಲಿ ಬೆನ್ನುಜ್ಜಲು ಹೋದ ನನ್ನ ಕೈಗೆ ಅದು ಸಿಕ್ಕಿತು, ಕಂಕುಳಿನ ಪಕ್ಕ, ಮೊಲೆಯೊಳಗೆ, ಮಾವಿನ ಮಿಡಿಯಷ್ಟು ಗಟ್ಟಿಯಾಗಿ, ಅತ್ತಿತ್ತ ಸರಿಯದೆ ಕಚ್ಚಿಕೊಂಡಿತ್ತು, ಯಾವಾಗಿನಿಂದಮ್ಮ, ಹೋದ ಸಲ ಕಾಯಿ ಕೊಯ್ಲು ಆಗ್ತಿತ್ತು ನೋಡು, ಆವಾಗ್ಲಿಂದ, ಹೇಳಬಾರದಿತ್ತೇ, ಯಾರಿಗೇ ಹೇಳೋದು, ಎದೆ ಮಾತು ಯಾರ ಹತ್ರ ಆಡೋದು, ನೀರು ಹಾಕು, ಸೀಗೇಪುಡಿ ಕಣ್ಣಿಗೆ ಬಿತ್ತು — ಕಣ್ಣಿಗೆ ಏನೂ ಬಿದ್ದಿರಲಿಲ್ಲ.

ಪೂರ್ತಿ ತೆಗೆಯಬೇಕು ಎಂದರು ಡಾಕ್ಟರು, ತಡವಾದರೆ ತೆಗೆದೂ ಫಲವಿಲ್ಲ ಎಂದರು, ಆ ಖರ್ಚು ನಮ್ಮಿಂದಾಗುವ ಮಾತಲ್ಲ, ನನ್ನ ಖಾಸಗಿ ಶಾಲೆಯ ಕೆಲಸಕ್ಕೆ ವಿಮೆ ಎಂಬುದೇ ಇಲ್ಲ, ಇದ್ದದ್ದು ಗಂಡ ಕದಿರೇಶ ದುಡಿಯುವ ಕಾರ್ಖಾನೆಯ ವಿಮೆ, ಅದರ ಗುಮಾಸ್ತ ಮುನಿಕೃಷ್ಣಪ್ಪ ಎಲೆಗೆ ಸುಣ್ಣ ಸವರುತ್ತ, ಗಂಡನ ಅಮ್ಮಂಗೆ ಬರುತ್ತೆ ತಾಯಿ, ಹೆಂಡ್ತಿ ಅಮ್ಮಂಗೆ ಬರಲ್ಲ, ಕಾನೂನು ಬರೆದೋನಿಗೆ ಅತ್ತೆ ಕಂಡ್ರೆ ಆಗ್ತಿರಲಿಲ್ವೇನೋ, ಎಂದು ನಕ್ಕ, ನಾನೂ ನಕ್ಕೆ, ನಗುತ್ತಿರುವಾಗಲೇ ಆ ಯೋಚನೆ ಬಂದಿತು — ಕದಿರೇಶನ ತಾಯಿ ಶಾಮಲಮ್ಮ ಹೋದ ಕಾರ್ತಿಕದಲ್ಲಿ ನಮ್ಮ ನಡುಕೋಣೆಯಲ್ಲೇ ತೀರಿಕೊಂಡಿದ್ದರು, ಅವರ ಹೆಸರು ವಿಮೆಯ ಕಾರ್ಡಿನಲ್ಲಿ ಇನ್ನೂ ಹಾಗೆಯೇ ಇತ್ತು, ತೆಗೆಸಬೇಕೆಂಬುದು ಯಾರಿಗೂ ನೆನಪಾಗಿರಲಿಲ್ಲ, ಆ ಹೆಸರಿನಲ್ಲೇ ಅಮ್ಮನನ್ನು ಸೇರಿಸೋಣ ಎಂದು ಹೇಳಿದವಳು ನಾನೇ, ಕದಿರೇಶ ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿದ, ಅಮ್ಮನ ಸಮಾಧಿಗೆ ಹಾಲುತುಪ್ಪ ಬಿಟ್ಟ ಕೈ ಇದು ಎಂದ, ಬೆಳಗಾದಾಗ ಕಾರ್ಡು ಒಲೆಯ ಪಕ್ಕದ ಗೂಡಿನಲ್ಲಿತ್ತು, ಅವನು ಕೆಲಸಕ್ಕೆ ಹೋಗಿದ್ದ, ಅಮ್ಮ ಮಾತ್ರ ಸೊಟ್ಟಗೆ ನಕ್ಕಳು, ಆ ಯಮ್ಮನ ಹೆಸರು ನನಗಾ, ಬದುಕಿರೋವಾಗ ನಮ್ಮನೇಲಿ ಒಂದು ಲೋಟ ನೀರು ಮುಟ್ಟಲಿಲ್ಲ, ಸತ್ತ ಮೇಲೆ ಹೆಸರೇ ಕೊಟ್ಲಾ, ಧಾರಾಳಿ ಬಿಡು.

ಮೊದಲ ಕೂಗಿಗೆ ಓಗೊಡಬಾರದು — ಈ ನಂಬಿಕೆಯನ್ನು ನಾನು ಎಲ್ಲೆಲ್ಲಿ ಕೇಳಿ ಬರೆದುಕೊಂಡಿಲ್ಲ, ರಜೆ ಬಂದರೆ ಊರೂರು ತಿರುಗಿ ಮುದುಕಿಯರ ಬಾಯಿಂದ ಕಥೆ ಸಂಗ್ರಹಿಸುವ ಹುಚ್ಚು ಹತ್ತಿದ್ದೇ ಅಮ್ಮನಿಂದ — ಲಕ್ಕೂರಿನವರ ಪ್ರಕಾರ ಕೂಗುವ ಮಾರಿ ಮೊಳಕೈತನಕ ಬಳೆ ತೊಟ್ಟಿರುತ್ತಾಳೆ, ಮುಳಬಾಗಿಲಿನ ಕಡೆ ಕೆರೆಕಟ್ಟೆಯ ಮೇಲೆ ನಿಂತೇ ಕೂಗುತ್ತಾಳೆ, ಟೇಕಲ್ ಬೆಟ್ಟದಡಿಯ ಒಬ್ಬಳು ಅವಳಿಗೆ ನೆರಳಿಲ್ಲ ಎಂದಳು, ಗೌನಿಪಲ್ಲಿಯಲ್ಲಿ ಹೇಳುವ ಬಗೆ ಅಮ್ಮನದು, ನನಗೆ ಸಿಕ್ಕವುಗಳಲ್ಲೆಲ್ಲ ಪೂರ್ಣವಾದದ್ದು: ಊರಿಗೆ ಬೇನೆ ಬಂದ ಕಾಲದಲ್ಲಿ ಅವಳು ಬಾಗಿಲ ಹೊರಗೆ ನಿಂತು ನಂಟರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ಓ ಎಂದವರನ್ನು ಗೋಣಿಗೆ ತುಂಬಿಕೊಳ್ಳುತ್ತಾಳೆ, ಮೊದಲನೆಯದು ಅವಳ ಕೂಗು, ಎರಡನೆಯದು ಅದರ ಮಾರ್ದನಿ, ಮೂರನೆಯ ಸಲ ಕರೆದವರು ಮಾತ್ರ ಮನುಷ್ಯರು, ಆಗ ತಪ್ಪದೆ ಓಗೊಡಬೇಕು, ತಡೆಯಬಾರದು, ಒಬ್ಬ ತಾಯಿ ಉಪಾಯ ಮಾಡಿದಳು, ಉಳಿದ ಕಿರಿಮಗಳಿಗೆ ಸತ್ತ ಹಿರಿಮಗಳ ಹೆಸರಿಟ್ಟು ಬಚ್ಚಿಟ್ಟಳು, ಬಂದವಳು ಕಿರಿಯಳನ್ನು ಅವಳ ಹಳೆಯ ಹೆಸರು ಹಿಡಿದು ಕರೆದಳು, ಯಾರೂ ಓ ಎನ್ನಲಿಲ್ಲ, ಸರಿ, ಹೊರಡುವ ಮುಂಚೆ ಗೋಣಿಯ ಬಾಯಿ ಬಿಚ್ಚಿ, ತಂದವರೆಲ್ಲ ಇದ್ದಾರೆಯೇ ಎಂದು ಒಬ್ಬೊಬ್ಬರ ಹೆಸರನ್ನೇ ಹಿಡಿದು ಕರೆದಳು, ಒಳಗಿಂದ ಓ, ಓ, ಓ, ಹಿರಿಯಳ ಹೆಸರಿಗೆ ಗೋಣಿಯೊಳಗಿಂದಲೂ ಓ, ಮನೆಯೊಳಗಿಂದಲೂ ಓ — ಆಮೇಲೆ ಎಂದರೆ ಅಮ್ಮ ಎಲೆಯಡಿಕೆ ಉಗಿದು, ಆಮೇಲೇನು, ಮಗು ಹೇಳಿಕೊಟ್ಟಿದ್ದನ್ನ ಚೆನ್ನಾಗಿ ಕಲಿತಿತ್ತು, ಅಷ್ಟೆ, ಎಂದು ಎದ್ದುಬಿಡುತ್ತಿದ್ದಳು.

ಹೋದ ಮಂಗಳವಾರವೂ ಇದೇ ಬೆಂಚು, ಇದೇ ಜೋತ ಮೂಲೆ, ಆಪರೇಷನ್ ಮಾಡುವ ಡಾಕ್ಟರು ಬರುವುದು ವಾರಕ್ಕೊಮ್ಮೆ, ನಾನು ಔಷಧಿಯ ಕಿಟಕಿಯ ಸಾಲಿನಲ್ಲಿದ್ದಾಗ ಆಯಾ ಅನಸೂಯಮ್ಮ ಪರದೆ ಸರಿಸಿ ಶಾಮಲಮ್ಮ ಎಂದು ಕೂಗಿದಳು, ಅಮ್ಮ ಕೇಳಿಸಿಕೊಂಡಳು, ತನ್ನ ಹೆಸರು ಈಗ ಅದೇ ಎಂಬುದೂ ಅವಳಿಗೆ ನೆನಪಿತ್ತು, ಆದರೂ ರೂಢಿಯಂತೆ ಮೂರನೆಯ ಕೂಗಿಗೆ ಕಾದು ಕುಳಿತಳು, ಎರಡನೆಯದೇ ಬರಲಿಲ್ಲ, ಆಸ್ಪತ್ರೆಯಲ್ಲಿ ಯಾರನ್ನೂ ಮೂರು ಸಲ ಕರೆಯುವುದಿಲ್ಲ, ಅವಳ ಸರದಿ ಬೇರೆಯವರ ಪಾಲಾಯಿತು, ನಾನು ಓಡಿಬಂದು ಬೇಡಿದರೆ ಅನಸೂಯಮ್ಮ, ನಿಮ್ಮತ್ತೆ ಕಿವಿಗೆ ಇನ್ಶೂರೆನ್ಸ್ ಮಾಡಿಸಿಲ್ವಾ, ಹೋಗಮ್ಮ, ಬರೋ ವಾರ ಬಾ, ಎಂದಳು, ಆ ವಾರದಲ್ಲಿ ಅಮ್ಮನ ಗಂಟಿನ ಮೇಲಿನ ಚರ್ಮ ಬಿರಿಯಿತು, ಕಲೆಯಾದ ರವಿಕೆಯನ್ನು ನಾನು ಏಳುವ ಮೊದಲೇ ಒಗೆದು ಹರಡುತ್ತಿದ್ದಳು, ಅದಕ್ಕೇ ಅಭ್ಯಾಸ ಮಾಡಿಸಿದೆ, ಅಡುಗೆಮನೆಯಿಂದ ಶಾಮಲಮ್ಮ ಎಂದು ಕೂಗುವುದು, ಸೊಪ್ಪು ಬಿಡಿಸುತ್ತ ಅವಳು ತಕ್ಷಣ ಬಂದೆ ಎನ್ನುವುದು, ಮೊದಮೊದಲು ನಾಲಿಗೆ ತಡೆಯುತ್ತಿತ್ತು, ಮೂರು ಸಲ ಕೂಗೇ ಮುಂಡೆ, ನನ್ನ ಕೈಲಾಗಲ್ಲ, ಕೊನೆಕೊನೆಗೆ ಕೂಗು ಮುಗಿಯುವ ಮೊದಲೇ ಉತ್ತರ, ಕಥೆಯೊಳಗೆ ನರಿಗೆ ನರಿಯ ದನಿ ರಾಣಿಗೆ ರಾಣಿಯ ದನಿ ಕೊಡುವವಳಲ್ಲವೇ, ಶಾಮಲಮ್ಮನದೇ ಆ ಮೂಗಿನ ಎಳೆತ, ಬಂದೇ… ಎಂದು, ಜಗಲಿಯಲ್ಲಿ ಉಣ್ಣುತ್ತಿದ್ದ ಕದಿರೇಶ ಎಂಜಲುಗೈಯಲ್ಲೇ ಎದ್ದು ಏನಮ್ಮಾ ಎಂದ, ಎಂದವನು ಹಾಗೆಯೇ ನಿಂತ, ನಡುಕೋಣೆಯ ಬಾಗಿಲು ನೋಡುತ್ತ, ಆಮೇಲೆ ಯಾರೂ ಊಟ ಮಾಡಲಿಲ್ಲ, ಆ ಮನೆಯಲ್ಲಿ ಆ ಹೆಸರನ್ನು ದಿನವೆಲ್ಲ ಕೂಗಿದವಳು ನಾನು, ಅಲ್ಲಿ ಯಾರು ಯಾರು ಕೇಳಿಸಿಕೊಂಡರೋ.

ಶಾಮಲಮ್ಮ — ಅನಸೂಯಮ್ಮನ ದನಿಯೇ, ಪರದೆ ಸರಿದಿದೆ — ಬಂದೇ, ಎಂದಳು ಅಮ್ಮ, ತಡವಿಲ್ಲ, ಒಂದು ಉಸಿರಿನಷ್ಟೂ ಇಲ್ಲ, ಎದ್ದೇಬಿಟ್ಟಿದ್ದಾಳೆ, ಹೊದ್ದ ಸೆರಗನ್ನು ಸರಿಮಾಡಿಕೊಂಡು ನಡೆಯುತ್ತಿದ್ದಾಳೆ, ಈವತ್ತು ಕಿವಿ ಚುರುಕಾಗಿದೆ ಅಜ್ಜಿಗೆ, ಅನಸೂಯಮ್ಮ ಚೀಟಿ ತುಂಬುತ್ತ, ಜೊತೆಗೆ ಯಾರು, ಸೊಸೆ, ಎನ್ನುತ್ತಾಳೆ ಅಮ್ಮ ನನ್ನತ್ತ ನೋಡದೆ, ಇದನ್ನು ನಾನು ಕಲಿಸಿರಲಿಲ್ಲ, ಮಕ್ಕಳೆಷ್ಟು, ಒಬ್ಬನೇ ಗಂಡು, ಅದನ್ನೂ ಕಲಿಸಿರಲಿಲ್ಲ, ಮೂಗಿನ ಎಳೆತ, ಶಾಮಲಮ್ಮನ ಹಾಗೆಯೇ ಎಡಗಾಲು ತುಸು ಎಳೆದು ಹಾಕುತ್ತ, ಯಾವಾಗಿನಿಂದ ಹೀಗೆ ನಡೆಯುತ್ತಾಳೆ — ಅಮ್ಮಾ — ಬಾಯಿಂದ ಬಂದುಬಿಟ್ಟಿತು, ಅವಳು ತಿರುಗಲಿಲ್ಲ, ಸರಿಯೇ, ಮೊದಲ ಕೂಗು — ಅಮ್ಮಾ — ಅನಸೂಯಮ್ಮ ನನ್ನನ್ನೇ ನೋಡುತ್ತಿದ್ದಾಳೆ, ಅತ್ತೇನ ಅಮ್ಮಾ ಅಂತೀಯಾ, ಒಳ್ಳೇ ಸೊಸೆ ಕಣಮ್ಮ, ನಗುತ್ತಿದ್ದಾಳೋ ಅನುಮಾನಿಸುತ್ತಿದ್ದಾಳೋ, ಪರದೆಯ ಅಂಚಿನಲ್ಲಿ ಅಮ್ಮ ನಿಂತಿದ್ದಾಳೆ, ಕತ್ತು ತುಸು ಓರೆ, ಕಾಯುತ್ತಿದ್ದಾಳೆ, ಇನ್ನೊಮ್ಮೆ ಕರೆದರೆ ಮನುಷ್ಯರ ಕೂಗು, ಮೂರನೆಯದು, ಓಗೊಟ್ಟು ತಿರುಗಿ ಬಂದೇ ಬರುತ್ತಾಳೆ ಮುನಿಯಲ್ಲಮ್ಮ, ನನ್ನ ಅಮ್ಮ, ಬಂದರೆ ಸರದಿ ಹೋಯಿತು, ವಿಮೆಯೂ ಹೋಯಿತು, ಬಿರಿದದ್ದು ಬಿರಿದ ಹಾಗೆಯೇ ಸೆರಗಿನಡಿ, ಕರೆಯದಿದ್ದರೆ ಒಳಗೆ ಮಲಗುವವಳು ಯಾರು, ಆ ಹೆಸರಿಗೆ ಓ ಎನ್ನುವವರು ಈಗಾಗಲೇ ಗೋಣಿಯೊಳಗೆ ಒಬ್ಬರಿದ್ದಾರೆ — ಬಾಯಿ ತೆರೆದಿದೆ, ಮೂರನೆಯ ಕೂಗು ಹೊರಬರಲಿಲ್ಲ, ಓರೆಯಾದ ಕತ್ತು ನೆಟ್ಟಗಾಯಿತು, ಕಂಬಿಯ ಮೇಲೆ ಉಂಗುರಗಳು ಕಿರ್ರೆಂದು ಓಡಿದವು, ಹಸಿರು ಬಟ್ಟೆ, ಜೋತ ಮೂಲೆ, ಉಂಗುರವಿಲ್ಲದ ಕಡೆ ಕೈಯಗಲದ ಕತ್ತಲೆ, ಬಿಚ್ಚಿದ ಬಾಯಿಯ ಹಾಗೆ, ಹಸಿರು ಬಟ್ಟೆ, ಕೈಯಗಲದ ಕತ್ತಲೆ,