ತೂಗಿ ಕೊಟ್ಟ ಸೌದೆ

ಕಣ್ಣಿಗೆ ಏನೋ ಬಿತ್ತು, ಕರಿಯೇ ಇರಬೇಕು, ಗಾಡಿ ಕವಲಂದೆ ಸ್ಟೇಷನ್ ಬಿಟ್ಟು ಇನ್ನೂ ಸಿಗ್ನಲ್ಲಿನ ಕೈಕಂಬ ದಾಟಿಲ್ಲ, ಆಗಲೇ ಇಂಜಿನ್ನು ತನ್ನ ಹೊಗೆಯನ್ನೆಲ್ಲ ನಮ್ಮ ಬೋಗಿಗೇ ತುಂಬುತ್ತಿದೆ, ಉಜ್ಜಬಾರದು, ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತದೆ, ಎದುರಿಗೆ ಬಾಳೆಗೊನೆ ಇಟ್ಟುಕೊಂಡು ಕೂತ ಮುದುಕ ನೋಡಿ ನಗುತ್ತಾನೆ, ಕಿಟ್ಕಿ ಇಳ್ಸವ್ವ ಮೊದ್ಲು, ಇಳಿಸಿದೆ, ಹೊಗೆಯಿಲ್ಲದ ಒಲೆಯ ಮೇಲೆ ಸಂಶೋಧನೆ ಮಾಡುವವಳ ಪಾಡು ನೋಡಿ, ಹೊಗೆಗೆ ಕಣ್ಣಲ್ಲಿ ನೀರು — ಅನಂತಪದ್ಮನಾಭ ಮೇಷ್ಟ್ರು ಕಂಡರೆ ಅತ್ತಿದ್ದೀಯೇನಮ್ಮ ರುದ್ರಾಣಿ ಅಂತ ಕೇಳಿಯೇ ಕೇಳುತ್ತಾರೆ, ಇಲ್ಲ ಸಾರ್, ಇಂಜಿನ್ ಕರಿ, ಅಳುವುದಕ್ಕೇನಿದೆ, ನಾನು ತರುತ್ತಿರುವುದು ಒಳ್ಳೆಯ ಸುದ್ದಿ. ನಂಜನಗೂಡಿನ ಪ್ರವಾಸಿ ಮಂದಿರದಲ್ಲಿ ಮಧ್ಯಾಹ್ನ ಮೀಟಿಂಗು, ಮೈಸೂರಿನಿಂದ ಜೀಪಿನಲ್ಲಿ ಎಲ್ಲರೂ ಬಂದಿರುತ್ತಾರೆ, ಯೂನಿವರ್ಸಿಟಿಯ ನಾಲ್ಕು ವಿಭಾಗದವರು ಸೇರಿ ಮಾಡುತ್ತಿರುವ ಒಂದೇ ಸಂಶೋಧನೆ, ಅಂಥದ್ದು ಇದೇ ಮೊದಲಂತೆ, ಪರಿಸರದವರಿಗೆ ಹೊಗೆಯ ಲೆಕ್ಕ ಬೇಕು, ಇಂಧನದವರಿಗೆ ಬಿಸಿಯ ಲೆಕ್ಕ ಬೇಕು, ವಾಣಿಜ್ಯದ ಚಕ್ರಪಾಣಿಯವರಿಗೆ ಈ ಒಲೆಯನ್ನು ಯಾರು ಕೊಳ್ಳುತ್ತಾರೆ ಅನ್ನುವುದು ಬೇಕು, ಸಮಾಜಕಾರ್ಯದ ನಮ್ಮ ಮೇಷ್ಟ್ರಿಗೆ ಹೆಂಗಸರು ಬೇಕು — ಛೆ, ಹೀಗಂದರೆ ಕೆಟ್ಟುಹೋಯಿತು, ಹೆಂಗಸರ ಕಷ್ಟಸುಖ ಬೇಕು. ಇಷ್ಟು ಜನಕ್ಕೆ ಬೇಕಾದದ್ದನ್ನೆಲ್ಲ ಹೊತ್ತು ತರುವವಳು ನಾನೊಬ್ಬಳೇ, ಹೆಗಲ ಚೀಲದಲ್ಲಿ ಕೊಕ್ಕೆ ತಕ್ಕಡಿ, ಕವಲಂದೆಯ ಅರ್ಧ ಮನೆಗಳಲ್ಲಿ ಕೊಳವೆಯ ಹೊಸ ಒಲೆ, ಉಳಿದರ್ಧ ಮನೆಗಳಲ್ಲಿ ಹಳೇ ಒಲೆ, ಬೆಳಿಗ್ಗೆ ಮನೆ ಮನೆಗೆ ಸೌದೆ ತೂಗಿ ಕೊಡುವುದು, ಸಂಜೆ ಹೋಗಿ ಉಳಿದದ್ದನ್ನು ತೂಗಿಕೊಳ್ಳುವುದು, ಹೊಸ ಒಲೆಯಲ್ಲಿ ಹೆಚ್ಚು ಉಳಿಯಬೇಕು, ಉಳಿದೇ ಉಳಿಯುತ್ತದೆ ಅಂತ ಇಂಧನದವರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು, ಆದರೆ ಸಂಜೆ ಹೋದರೆ ಹಳೇ ಒಲೆಯ ಮನೆಯಲ್ಲೂ ಏನಿಲ್ಲ, ಹೊಸ ಒಲೆಯ ಮನೆಯಲ್ಲೂ ಏನಿಲ್ಲ. ಹೋದ ಮೀಟಿಂಗಿನಲ್ಲಿ ಚಕ್ರಪಾಣಿಯವರು ಕನ್ನಡಕ ತೆಗೆದು ಒರೆಸುತ್ತಾ, ಸೌದೆ ಉಳಿಸದ ಒಲೇನ ಯಾರಿಗ್ರೀ ಮಾರೋಣ, ಈ ಸಲಾನೂ ಹಿಂಗೇ ಆದ್ರೆ ಮುಚ್ಚಿಬಿಡೋಣ, ಕೊಳವೆ ಸರಳು ಎಲ್ಲ ಬಿಚ್ಚಿ ವಾಪಸ್ ತರಿಸಿ ಅಂದಿದ್ದರು. ಮುಂದೆ ಹೆಮ್ಮಿಗೆ ಊರಿನಲ್ಲಿ ಶುರುವಾಗಬೇಕಿದ್ದದ್ದೂ ಅಲ್ಲಿಗೆ ನಿಂತಿತು. ಆ ಮಾತು ಹೇಗೋ ಊರಿಗೆ ನನಗಿಂತ ಮೊದಲೇ ಹೋಗಿತ್ತು, ಹೊಸ ಒಲೆಯ ಮನೆಯ ಪುಟ್ಟಬಸಮ್ಮ ಹಿಟ್ಟು ತಿರುವುತ್ತಲೇ ಕೇಳಿದ್ದಳು, ಕೊಳ್ವೆ ಕಿತ್ಕೊಂಡ್ ಓಯ್ತೀರಂತೆ ನಿಜವೇನವ್ವ, ನಂಗೆ ಕೆಮ್ಮು ನಿಂತದೆ ಕಣವ್ವ, ರಾತ್ರಿ ಮಕ ಮ್ಯಾಲೆ ಮಾಡ್ಕಂಡು ನಿದ್ದೆ ಮಾಡ್ತೀನಿ. ತಕ್ಕಡಿಯ ಕೊಕ್ಕೆಯನ್ನು ನೋಡುತ್ತ ಕೂತಿದ್ದೆ, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು ಅವಳು, ಅಷ್ಟೆ.

ಇವತ್ತು ಬೆಳಗಿನ ಗಾಡಿ ಸಿಕ್ಕಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ, ಸೌದೆ ಹಂಚಿ ಓಡಿ ಬಂದೆ, ದಿನಾ ತಡವಾಗಿ ಬರುವ ಗಾಡಿ ಇವತ್ತು ಮಾತ್ರ ಸರಿಯಾದ ಹೊತ್ತಿಗೆ ಬಂದು ಹೊರಟೇಹೋಗಿತ್ತು, ಮುಂದಿನದಕ್ಕೆ ಇನ್ನೂ ಹೊತ್ತಿದೆ ಅಂದರು, ಬಿಸಿಲಲ್ಲಿ ನಿಲ್ಲುವುದೇಕೆ ಅಂತ ಪುಟ್ಟಬಸಮ್ಮನ ಮನೆಗೆ ಹೋದೆ, ನೀರು ಕೇಳೋಣ ಅಂತ ಒಳಗೆ ಕಾಲಿಟ್ಟರೆ — ಒಲೆ ಧಗಧಗ ಉರಿಯುತ್ತಿದೆ, ಮೇಲೆ ಪಾತ್ರೆಯಿಲ್ಲ. ಹಿಟ್ಟು ತಿರುವಿ ಮುಗಿದಿದೆ, ಸಾರು ಇಳಿಸಿಟ್ಟು ತಟ್ಟೆ ಮುಚ್ಚಿದೆ, ಹಂಡೆಯ ನೀರೂ ಕಾದಿದೆ, ಒಲೆಯ ಎರಡು ಕಣ್ಣೂ ಖಾಲಿ, ಮುಂದೆ ಪುಟ್ಟಬಸಮ್ಮ ಗೋಡೆಗೆ ಒರಗಿ ಕೂತಿದ್ದಾಳೆ, ಎರಡು ಕೈಯೂ ಮಡಿಲಲ್ಲಿ, ಅಂಗೈ ಮೇಲಾಗಿ, ಸುಮ್ಮನೆ. ಏನು ಪುಟ್ಟಬಸಮ್ಮ, ಏನು ಬೇಯಿಸ್ತಾ ಇದ್ದೀಯಾ, ಏನಿಲ್ಲ ಕಣವ್ವ, ಸೌದೆ ಉಳ್ಕಂಡದೆ, ಮುಗುಸ್ತಾವ್ನಿ. ಮುಗಿಸೋದಾ, ಯಾಕೆ ಮುಗಿಸಬೇಕು. ಅಯ್ಯ, ನೀವು ತೂಗಿ ಇಕ್ಕಿದ್ದಲ್ವ, ಇಕ್ಕಿದ್ದ ಉಳ್ಸುದ್ರೆ ಇಕ್ಕಿದೋರ್ಗೆ ಅವಮಾನ ಅಲ್ವ ಅವ್ವ. ಸಂಜೆ ಹೊತ್ತು ಬಾಗಿಲಲ್ಲಿ ನಿಂತು ಏನಾದರೂ ಉಳಿದಿದೆಯಾ ಅಂತ ನಾನು ಕೇಳಿದಾಗೆಲ್ಲ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು, ಒಂದು ಚಕ್ಕೆನೂ ಬುಟ್ಟಿಲ್ಲ ಕಣವ್ವ, ಎಲ್ಲ ಮನೆಯಲ್ಲೂ ಅದೇ ಮಾತು, ನಾನು ಬರುತ್ತಿರುವುದು ಎಲೆಯಲ್ಲಿ ಅನ್ನ ಬಿಟ್ಟಿದ್ದಾರಾ ಅಂತ ನೋಡುವುದಕ್ಕೆ ಅಂದುಕೊಂಡಿದ್ದರು. ನಾನೇನು ಬೇರೆ ದೇಶದಿಂದ ಬಂದವಳಾ, ಹುಲ್ಲಹಳ್ಳಿಯ ನಮ್ಮ ಮನೆಯಲ್ಲೂ ಲಿಂಗಪೂಜೆಯೇ, ಅಜ್ಜಿ ಉಂಡ ತಟ್ಟೆಗೆ ನೀರು ಹುಯ್ದು ಬೆರಳಲ್ಲಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದಳು, ಪ್ರಸಾದ ಕಣೇ, ಒಂದಗುಳು ಚೆಲ್ಲಬಾರದು, ನಾನು ಬಿಟ್ಟ ಅಗುಳನ್ನು ಅಪ್ಪ ತೆಗೆದು ತಿನ್ನುತ್ತಿದ್ದರು, ಇಷ್ಟೆಲ್ಲ ಗೊತ್ತಿದ್ದೂ ಹೊಳೆಯಲಿಲ್ಲ, ಮೇಷ್ಟ್ರು ಬರೆಸಿದ ಪ್ರಶ್ನೆಗಳನ್ನು ಕೇಳುವುದರಲ್ಲೇ ಮುಳುಗಿದ್ದೆ. ಆದರೆ ಆಗ ಅಡಿಗೆಮನೆಯಲ್ಲಿ ಇದೆಲ್ಲ ಯೋಚಿಸಲಿಲ್ಲ, ಕುಣಿಯುವಷ್ಟು ಸಂತೋಷ, ಒಲೆ ಕೆಟ್ಟಿಲ್ಲ, ಒಲೆ ಸರಿಯಾಗಿದೆ, ಕೊಳವೆ ಕೀಳಬೇಕಾಗಿಲ್ಲ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಗಟ್ಟಿಯಾಗಿ ಹೇಳಿದೆ, ಉಳಿಸಬೇಕು ಪುಟ್ಟಬಸಮ್ಮ, ಉಳಿಸಿದರೇ ಮರ್ಯಾದೆ, ಅಡಿಗೆ ಆದ ತಕ್ಷಣ ಬೆಂಕಿ ಆರಿಸಿ ಸೌದೆ ಎತ್ತಿಡು, ಈ ಒಲೇಲಿ ಅಡಿಗೆ ಬೇಗ ಆಗುತ್ತೆ, ಅದನ್ನೇ ನಾವು ತೋರಿಸಬೇಕಾದ್ದು. ಅವಳು ನಗಲಿಲ್ಲ. ನನ್ನನ್ನು ನೋಡದೆ ಬಾಗಿಲ ಕಡೆ ನೋಡಿದಳು, ಮೆತ್ತಗೆ ಹೇಳವ್ವ ಅಂದಳು, ಯಾಕೆ ಅಂತ ನನಗೆ ತಿಳಿಯುವಷ್ಟರಲ್ಲಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವಳ ಅತ್ತೆ ಅಲ್ಲಿಂದಲೇ ಕೂಗಿದಳು, ಅಂಗಾರೆ ಅಡ್ಗೆ ಬಿರ್ರನೆ ಆಯ್ತದೆ ಅನ್ನು, ನಾನು ಸೌದೆ ಮುಗಿಯಗಂಟ ಬೆಂಕಿ ಬುಟ್ಟು ಬರಂಗಿಲ್ವೇನೋ, ಅದು ಯೂನಿವರ್ಸಿಟಿ ಕೆಲ್ಸ ಅಂತ ಕರೀದಂಗೇ ಇದ್ದೆ, ಎದ್ದು ಬಾ ಮತ್ತೆ, ಕಳೆ ತಗ್ಯಕೆ ಆಳು ಸಾಲ್ದು.

ಆಯಮ್ಮ ಕೆಟ್ಟವಳಲ್ಲ, ಮಂಡಿನೋವಿನಲ್ಲೂ ಹೊಲಕ್ಕೆ ಹೋಗುತ್ತಾಳೆ, ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಕೆಲಸ ಬಿದ್ದಿದೆ, ಕೈ ಬೇಕು, ಇಷ್ಟೇ. ಗಾಡಿ ನಿಧಾನವಾಗುತ್ತಿದೆ, ಮುದುಕ ಗೊನೆಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದಾನೆ, ನಂಜನಗೂಡು ಬಂತು ಇಳೀರಿ, ಇಳಿಯಬೇಕು, ಮೇಷ್ಟ್ರಿಗೆ ಹೇಳಬೇಕು, ಸಾರ್, ತಪ್ಪು ಒಲೆಯದ್ದಲ್ಲ, ಅಳತೆಯದ್ದು, ನಾಳೆಯಿಂದ ಉಳಿದ ಸೌದೆ ಬರುತ್ತದೆ, ಒಳ್ಳೆಯ ಅಂಕಿಯೇ ಬರುತ್ತದೆ, ಹೆಮ್ಮಿಗೆಯಲ್ಲೂ ಶುರುಮಾಡಬಹುದು, ಭೇಷ್ ರುದ್ರಾಣಿ ಅನ್ನುತ್ತಾರೆ, ಚಕ್ರಪಾಣಿಯವರು ಮಾತ್ರ ಸುಮ್ಮನಿರುವವರಲ್ಲ, ಅಡಿಗೆ ಬೇಗ ಮುಗಿದ್ರೆ ಉಳಿದ ಹೊತ್ತನ್ನ ಹೆಂಗಸರು ಏನು ಮಾಡ್ತಾರೆ, ಅದಕ್ಕೂ ಒಂದು ಬೆಲೆ ಕಟ್ಟಬೇಕಲ್ಲ ಅಂತ ಕೇಳುತ್ತಾರೆ, ಹೊಲಕ್ಕೆ ಹೋಗ್ತಾರೆ ಸಾರ್, ನಾನೇ ಕಳಿಸಿ ಬಂದಿದ್ದೀನಿ. ಹಿಂದೊಮ್ಮೆ ಪ್ರಶ್ನಾವಳಿ ಹಿಡಿದು ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ ಅಂತ ಓದಿದಾಗ ಪುಟ್ಟಬಸಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು, ಬುಡುವ ಯಾರ್ ಕೊಟ್ಟಾರು ನಮ್ಗೆ, ಇಲ್ಲ ಅಂತ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆಮೇಲೆ ಅವಳೇ ಒಂದಿಷ್ಟು ಬಿಡುವು ಮಾಡಿಕೊಂಡಳು, ನಾನು ತೂಗಿ ಕೊಟ್ಟ ಸೌದೆಯಲ್ಲಿ, ದಿನಾ, ಯಾರೂ ಕರೆಯದ ಹಾಗೆ. ಇಕ್ಕಿದ್ದನ್ನು ಮುಗಿಸಬೇಕು ಅಂತ ಅವಳೂ ನಂಬಿದ್ದಳು, ಅದು ಸುಳ್ಳಲ್ಲ, ಆದರೆ ಅಷ್ಟು ಮೆಲ್ಲಗೆ, ಒಂದೊಂದೇ ಸೌದೆಯನ್ನು ಅಷ್ಟಷ್ಟೇ ಮುಂದಕ್ಕೆ ತಳ್ಳುತ್ತ — ಕೊಳವೆ ಉಳಿಯಿತು, ಕೆಮ್ಮು ಬರುವುದಿಲ್ಲ, ರಾತ್ರಿ ನಿದ್ದೆ ಬರುತ್ತದೆ, ಅದು ಕಮ್ಮಿಯೇನಲ್ಲ, ಕಮ್ಮಿಯಲ್ಲ ಅಂತಲೇ ಇಡೀ ದಾರಿ ಹೇಳಿಕೊಂಡು ಬಂದಿದ್ದೇನೆ, ಅತ್ತೆ ಕರೆದಾಗ ಬಂದೆ ಕಣತ್ತೆ ಅಂದಳು ಅವಳು, ಕೊಳ್ಳಿಯನ್ನು ಈಚೆಗೆ ಎಳೆದು ಚೊಂಬಿನ ನೀರು ಹುಯ್ದಳು, ಚುರ್ ಅಂತು, ಬೋಗಿ ಖಾಲಿಯಾಗುತ್ತಿದೆ, ಇಳಿಯಬೇಕು, ಮೇಷ್ಟ್ರು ಕಾಯುತ್ತಿರುತ್ತಾರೆ, ಸಾರ್ ಒಳ್ಳೆಯ ಸುದ್ದಿ, ಪಾತ್ರೆಯಿಲ್ಲದ ಒಲೆ, ಅದರ ಮುಂದೆ ಮಡಿಲಲ್ಲಿ ಅಂಗೈ ಮೇಲಾಗಿ ಎರಡು ಕೈ, ಸಾರ್, ಉಳಿತಾಯ, ಮಡಿಲಲ್ಲಿ ಎರಡು ಕೈ, ಸುಮ್ಮನೆ