ಬಾಡಿಗೆ ಪೇಟ

ಶಾಂತಕುಮಾರಿ ಫೋನಿನಲ್ಲಿ ಗುಂಪು ಕಟ್ಟಿ ಮೂರು ತಿಂಗಳಾಗಿತ್ತು. ಈ ಮೂರು ತಿಂಗಳಲ್ಲಿ ಅದಕ್ಕೆ ಬಂದು ಬಿದ್ದ ಗುಲಾಬಿ ಹೂಗಳು ನಿಜವಾಗಿದ್ದರೆ ಸಂತೆಯಲ್ಲಿ ಹೂವಿನಂಗಡಿಯನ್ನೇ ಇಡಬಹುದಿತ್ತು. ಬೆಳಗ್ಗೆ ಐದೂವರೆಗೆ ಶುರು. ಗುಲಾಬಿ, ಪಕ್ಕದಲ್ಲಿ ಹೊಗೆಯಾಡುವ ಕಾಫಿ ಲೋಟ, ಮೇಲೆ ಶುಭೋದಯ. ಆಮೇಲೆ ದೇವರ ಪಟಗಳು. ದೇವರ ಹಿಂದೆಯೇ ಚನ್ನರಾಯಪಟ್ಟಣದಲ್ಲಿ ಸೈಟು ಮಾರಾಟಕ್ಕಿದೆ.

ಗುಂಪಿನ ಹೆಸರು 'ಏನು ಮಾಡಬಹುದು?' ಅಂತ. ಹೊಳೆನರಸೀಪುರದ ತಾಲ್ಲೂಕು ಕಚೇರಿ ಎದುರು ಅವಳದೊಂದು ಜೆರಾಕ್ಸ್ ಅಂಗಡಿ. ಬಂದವರಿಗೆ ಅರ್ಜಿಯನ್ನೂ ಬರೆದುಕೊಡುತ್ತಾಳೆ. ಹದಿನಾಲ್ಕು ವರ್ಷ ಅರ್ಜಿ ಬರೆದ ಮೇಲೆ ಅವಳಿಗೊಂದು ಹೊಳೆದಿತ್ತು. ಅರಕಲಗೂಡಿನ ಯಾರೋ ಅಂಗನವಾಡಿಯ ಸೋರುವ ಸೂರು ರಿಪೇರಿ ಮಾಡಿಸಿರುತ್ತಾರೆ. ಅಂಥದೇ ಸೂರಿಗಾಗಿ ಚನ್ನರಾಯಪಟ್ಟಣದ ಕಡೆಯವರು ವರ್ಷಗಟ್ಟಲೆ ಅಲೆಯುತ್ತಿರುತ್ತಾರೆ. ಹೇಗೆ ಮಾಡಿಸಿದೆವು ಅಂತ ಅವರು ಇವರಿಗೆ ನಾಲ್ಕು ಸಾಲು ಬರೆದರೆ ಮುಗಿಯಿತಲ್ಲ! ಹಾಸನವೂ ಸೇರಿ ನಾಲ್ಕು ತಾಲ್ಲೂಕಿನವರನ್ನು ಸೇರಿಸಿದಳು. ನಿಯಮ ಒಂದೇ: ಗೋಳು ಬೇಡ, ಏನು ಮಾಡಿದಿರಿ, ಏನಾಯಿತು, ಅಷ್ಟೇ ಬರೆಯಿರಿ. ಒಂಬೈನೂರು ಚಿಲ್ಲರೆ ಜನ ಸೇರಿದರು. ಏನು ಮಾಡಿದೆ ಅಂತ ಬರೆದ ಪುಣ್ಯಾತ್ಮ ಒಬ್ಬನೂ ಇಲ್ಲ.

ಕೊನೆಗೆ ಮನೆಯ ಕಷ್ಟವನ್ನೇ ಗುಂಪಿಗೆ ಹಾಕಿದಳು. ಭಾವ ಪಾಲಾಕ್ಷನ ಮಗಳು ಯಶಸ್ವಿನಿ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಊರಿಂದ ಮುಖ್ಯರಸ್ತೆಯ ಹುಣಸೇಮರದ ಗೇಟ್ ಸ್ಟಾಪಿನವರೆಗೆ ನಡೆದು ಬಂದು, ಹಳ್ಳಿಮೈಸೂರು ಕಡೆಯಿಂದ ಏಳೂಮುಕ್ಕಾಲಕ್ಕೆ ಬರುವ ಬಸ್ಸು ಹಿಡಿಯಬೇಕು. ಆ ಬಸ್ಸು ನಿಲ್ಲುತ್ತಿರಲಿಲ್ಲ. ಸೀಟು ಖಾಲಿಯಿದ್ದರೂ ನಿಲ್ಲುತ್ತಿರಲಿಲ್ಲ. ಆರು ಹುಡುಗಿಯರು, ಅವರ ಜೊತೆ ಅಂಗಡಿಗೆ ಹೊರಟ ಶಾಂತಕುಮಾರಿ, ಏಳೂ ಜನ ಕೈ ಬೀಸುತ್ತಿದ್ದರು. ಡ್ರೈವರು ಆಕಾಶ ನೋಡಿಕೊಂಡು ಹೋಗುತ್ತಿದ್ದ. ಮುಂದಿನ ಬಸ್ಸು ಒಂಬತ್ತೂವರೆಗೆ. ಅಷ್ಟರಲ್ಲಿ ಮೊದಲ ಪೀರಿಯಡ್ಡು ಮುಗಿದಿರುತ್ತಿತ್ತು. ಬರುವ ಸೋಮವಾರದಿಂದ ಒಂದು ದಿನ ತಪ್ಪಿದರೂ ಹಾಲ್ ಟಿಕೆಟ್ ಇಲ್ಲವೆಂದು ಕಾಲೇಜಿನವರು ಪಾಲಾಕ್ಷನನ್ನು ಕರೆಸಿ ಸಹಿ ಹಾಕಿಸಿಕೊಂಡಿದ್ದರು.

"ಪರೀಕ್ಷೇಗೇ ಕೂರ್ಸದ ಕಾಲೇಜು ಯಾತಕ್ಕಮ್ಮ?" ಅಂದಿದ್ದ ಪಾಲಾಕ್ಷ. "ಹಾಸನದ ಗಾರ್ಮೆಂಟ್ಸ್‌ಗೆ ಸೇರಿಸ್ಬುಡ್ತೀನಿ. ಅವ್ರ ಗಾಡಿ ಊರೊಳಕ್ಕೇ ಬತ್ತದೆ."

ಅವನೇನು ಕೆಟ್ಟವನಲ್ಲ. ಶಾಂತಕುಮಾರಿಗೆ ಸಂಕಟ ಅದೇ. ಗಾರ್ಮೆಂಟ್ಸ್ ಗಾಡಿ ದಿನಾ ಬೆಳಗ್ಗೆ ಮನೆ ಬಾಗಿಲಿಗೇ ಬಂದು ಹಾರನ್ ಹೊಡೆಯುತ್ತಿದ್ದದ್ದು ನಿಜವೇ ಆಗಿತ್ತು.

ಡಿಪೋಗೆ ಎಂಟು ಅರ್ಜಿ ಕೊಟ್ಟಿದ್ದಳು. ಅಲ್ಲಿಯ ಸಾಹೇಬರು ಎಂಟಕ್ಕೂ ಸೀಲು ಹೊಡೆದುಕೊಟ್ಟು, "ಆ ಸ್ಟಾಪು ಪಟ್ಟೀಲಿ ಐತಲ್ಲಮ್ಮ. ಡ್ರೈವರ್‌ಗೂ ಹೇಳಿದೀವಿ. ಒಂದಿಪ್ಪತ್ ಜನ ದೊಡ್ಡೋರು ಗೇಟ್‌ನಲ್ಲಿ ನಿಂತ್ಕಳಿ, ಯಾಕ್ ನಿಲ್ಸಲ್ಲ ನೋಡಾಣ" ಅಂದು ಕೈತೊಳೆದುಕೊಂಡರು.

ಇಪ್ಪತ್ತು ಜನ! ಒಂಬೈನೂರರಲ್ಲಿ ಇಪ್ಪತ್ತು ಜನ ಸಿಗುವುದಿಲ್ಲವೇ? ಒಂದು ದಿನ ಬೆಳಗ್ಗೆ ಬಂದು ನಮ್ಮ ಜೊತೆ ನಿಲ್ಲಿ ಅಂತ ಗುಂಪಿಗೆ ಬರೆದಳು. ನೂರ ನಲವತ್ತಮೂರು ಕೈಮುಗಿದ ಚಿತ್ರ ಬಂದವು. ಹನ್ನೊಂದು ಜನ 'ನಮ್ಮೂರಲ್ಲೂ ಇದೇ ಗೋಳು' ಅಂದರು. ಅರಕಲಗೂಡಿನ ಮೇಷ್ಟರೊಬ್ಬರು 'ನಿಮ್ಮ ಜೊತೆ ನಾವಿದ್ದೇವೆ' ಅಂತ ಬರೆದರು. ಎಲ್ಲಿದ್ದಾರೆ ಅನ್ನುವುದನ್ನು ಮಾತ್ರ ಬರೆಯಲಿಲ್ಲ. ಹೇಳಿದ ದಿನ ಗೇಟಿನಲ್ಲಿ ನಿಂತವರು ಅದೇ ಏಳು ಜನ.

ಹೀಗಿರುವಾಗ ಪಕ್ಕದ ಫ್ಲೆಕ್ಸ್ ಅಂಗಡಿಯ ಬಸವರಾಜು ಹಲ್ಲು ಬಿಟ್ಟುಕೊಂಡು ಬಂದ. ಗುಂಪಿಗೆ ಇವನೂ ಒಬ್ಬ ಅಡ್ಮಿನ್ನು.

"ಶಾಂತಕ್ಕ, ಭಾನ್ವಾರ ನಿಂಗೆ ಸನ್ಮಾನ. ಒಂಬೈನೂರ್ ಜನ ಸೇರ್ಸಿದೀಯ, ಸುಮ್ನೇನಾ?"

"ಸನ್ಮಾನ ಯಾಕ್ಲಾ? ಬಸ್ಸೇ ನಿಂತಿಲ್ಲ."

"ಅದ್ರ ಪಾಡಿಗೆ ಅದು ನಿಂತ್ಕತದೆ ಬುಡಕ್ಕ. ಫ್ಲೆಕ್ಸ್ ಆಗ್ಲೇ ಪ್ರಿಂಟ್ ಆಗದೆ."

ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಜನ ಸೇರುತ್ತಾರಲ್ಲ, ಅಲ್ಲೇ ಎದುರಿಗೇ ಕೇಳಿಬಿಡೋಣ ಎಂದು ಅವಳೂ ಒಪ್ಪಿದಳು. ಸಮುದಾಯ ಭವನಕ್ಕೆ ಬಂದು ನೋಡಿದರೆ ಇನ್ನೂರು ಜನ! ಹಾಸನದಿಂದ ಕಾರು ಮಾಡಿಕೊಂಡು ಬಂದಿದ್ದರು, ಅರಕಲಗೂಡಿನ ಮೇಷ್ಟರು ಮುಂದಿನ ಸಾಲಿನಲ್ಲೇ ಕೂತಿದ್ದರು, ಹಿಂದುಗಡೆ ಪಲಾವಿನ ಘಮ. ಗೇಟಿಗೆ ಬರಲು ದಾರಿ ಗೊತ್ತಿಲ್ಲದವರಿಗೆ ಇಲ್ಲಿಗೆ ಹೇಗೆ ಗೊತ್ತಾಯಿತೋ. ಅವಳಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಗಂಡಸರಿಗೆ ಮಾತ್ರ ಯಾಕೆ ಅಂತ ಮುಡಿದಿದ್ದ ಮಲ್ಲಿಗೆಯ ಮೇಲೆಯೇ ಜರಿಯ ಮೈಸೂರು ಪೇಟವನ್ನೂ ಇಟ್ಟರು. ಹಿಂದಿನ ಫ್ಲೆಕ್ಸಿನಲ್ಲಿ 'ಬಸ್ ನಿಲ್ಲಿಸಿದ ದಿಟ್ಟ ಮಹಿಳೆ' ಎಂದು ಆಳೆತ್ತರದ ಅಕ್ಷರ.

ಮೈಕು ಕೈಗೆ ಬಂದಾಗ ಅವಳು ಅಂದಳು, "ಬಸ್ ಇನ್ನೂ ನಿಂತಿಲ್ಲ." ಜೋರು ಚಪ್ಪಾಳೆ. "ನಾಳೆ ಬೆಳಿಗ್ಗೆ ಏಳೂವರೆಗೆ ಇಪ್ಪತ್ತು ಜನ ಗೇಟಿಗೆ ಬನ್ನಿ. ಬರದಿದ್ರೆ ಒಂದು ಹುಡುಗಿಯ ಓದು ನಿಂತೋಗ್ತದೆ." ಇನ್ನೂ ಜೋರು ಚಪ್ಪಾಳೆ. ಮೇಷ್ಟರು ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು. ಹೊರಡುವಾಗ ಬಸವರಾಜು ಓಡಿಬಂದು ಕಿವಿಯಲ್ಲಿ, "ಅಕ್ಕ, ಪೇಟ ಶಾಮಿಯಾನದವ್ರದು, ಬಾಡಿಗೇದು. ನಾಳೆ ಅಂಗ್ಡಿಗೆ ಬರೋವಾಗ ಮರೀದೆ ತಗಂಬಾ" ಅಂದ.

ಸೋಮವಾರ ಏಳೂವರೆಗೆ ಗೇಟಿನಲ್ಲಿ ಆರು ಹುಡುಗಿಯರು ಮತ್ತು ಅವಳು. ಏಳೂ ನಲವತ್ತಾದರೂ ಅಷ್ಟೇ. ಫೋನು ಮಾತ್ರ ಟುಂಯ್ ಟುಂಯ್ ಅನ್ನುತ್ತಿತ್ತು: ಜಯವಾಗಲಿ, ಶುಭವಾಗಲಿ, ಗುಲಾಬಿ. ಯಶಸ್ವಿನಿ ಬ್ಯಾಗಿನ ಪಟ್ಟಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದಳು. ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ಶಾಂತಕುಮಾರಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ವಾಪಸು ಕೊಡಲೆಂದು ಚೀಲದಲ್ಲಿ ತಂದಿದ್ದ ಪೇಟವನ್ನು ಸರಕ್ಕನೆ ತೆಗೆದು ತಲೆಗಿಟ್ಟುಕೊಂಡಳು. ಶಾಲು ಹೊದ್ದಳು. ರಸ್ತೆಯ ಅಂಚಿಗೆ ಹೋಗಿ ನಿಂತಳು. ಕೈ ಕೂಡ ಬೀಸಲಿಲ್ಲ.

ಬಸ್ಸು ನಿಂತಿತು.

"ಬನ್ನಿ ಮೇಡಂ, ಬನ್ನಿ," ಕಂಡಕ್ಟರು ಇಳಿದೇ ಬಂದ. "ಏನ್ ಮೇಡಂ, ಪ್ರೋಗ್ರಾಮಾ?"

"ಊಂ. ಇವ್ರೆಲ್ಲ ನನ್ ಜೊತೇರು," ಅಂದಳು. ಆರೂ ಹುಡುಗಿಯರು ಹತ್ತಿದರು. ಡ್ರೈವರು ತಿರುಗಿ ನಮಸ್ಕಾರ ಬೇರೆ ಮಾಡಿದ. ಯಶಸ್ವಿನಿ ನಕ್ಕು ನಕ್ಕು ಕೆಮ್ಮಿದಳು. ಶಾಂತಕುಮಾರಿಗೆ ನಗು ಬರಲಿಲ್ಲ. ಇಷ್ಟು ದಿನ ಏಳು ಜನ ಕೈ ಬೀಸಿದ್ದನ್ನು ಈ ಡ್ರೈವರು ನೋಡೇ ಇದ್ದ. ನೋಡೇ ನಿಲ್ಲಿಸಿರಲಿಲ್ಲ.

ಅಂಗಡಿ ತೆರೆದವಳೇ ಗುಂಪಿಗೆ ಬರೆದಳು: 'ಏನು ಮಾಡಿದೆ: ಪೇಟ ಹಾಕಿಕೊಂಡು ನಿಂತೆ. ಏನಾಯಿತು: ಬಸ್ಸು ನಿಂತಿತು.' ನಿಯಮದ ಪ್ರಕಾರ ಬರೆದ ಮೊದಲ ಬರಹ ಅದು. ಚಪ್ಪಾಳೆ ಚಿತ್ರಗಳು ಸುರಿದವು.

ಬಸವರಾಜು ಪೇಟ ಕೇಳಿದಾಗ ಮನೆಯಲ್ಲೇ ಮರೆತೆ ಎಂದು ಸುಳ್ಳು ಹೇಳಿದಳು. ಪೇಟ ಅವಳ ಕುರ್ಚಿಯ ಕೆಳಗೇ ಇತ್ತು.

"ಅಯ್ಯೋ, ನಾಳೆ ಶ್ರವಣಬೆಳಗೊಳದಲ್ಲಿ ಇನ್ನೊಬ್ರ ಸನ್ಮಾನಕ್ಕೆ ಬೇಕಂತೆ ಕಣಕ್ಕ! ಬೆಳಿಗ್ಗೆ ಗೇಟ್‌ಗೆ ನಾನೇ ಬತ್ತೀನಿ."

ಬಂದ. ಒಂಬೈನೂರು ಚಿಲ್ಲರೆ ಜನರಲ್ಲಿ ಆ ಗೇಟಿಗೆ ಬಂದವನು ಇವನೊಬ್ಬನೇ, ಅದೂ ಪೇಟಕ್ಕೆ. ಬೈಕು ನಿಲ್ಲಿಸಿ, "ಕೊಡಕ್ಕ ಬಿರ್ನೆ, ಹೊತ್ತಾಯ್ತು" ಅಂತ ಕೈ ಚಾಚಿದ. ತಿರುವಿನಲ್ಲಿ ಬಸ್ಸು ಬರುತ್ತಿತ್ತು. ಶಾಂತಕುಮಾರಿ ಪೇಟವನ್ನು ಅವನ ಕೈಗೆ ಕೊಡಲಿಲ್ಲ, ಅವನ ತಲೆಗೇ ಒತ್ತಿದಳು. ಶಾಲನ್ನು ಹೆಗಲಿಗೆ ಎಸೆದಳು.

"ಅಕ್ಕಾ, ಏನಿದು?"

"ಬಾಯ್ ಮುಚ್ಕಂಡ್ ನಿಂತ್ಕೊಳ್ಳಲಾ. ಎಲ್ರೂ ನನ್ ಜೊತೆ ಇದ್ದೀವಿ ಅಂದಿದ್ರಲ್ಲ, ನೀನಾದ್ರೂ ಇರು!"

ಬಸ್ಸು ನಿಂತಿತು. ಡ್ರೈವರು ಬಸವರಾಜುವಿಗೆ ಕೈಮುಗಿದ. ಬಸವರಾಜು ಎದೆಯುಬ್ಬಿಸಿ ತಾನೂ ಮುಗಿದ. ಹುಡುಗಿಯರು ಹತ್ತಿ ಕೂತ ಮೇಲೂ ಅವನ ಕೈ ಕೆಳಗಿಳಿಯಲಿಲ್ಲ. ಬಸ್ಸು ಹೊರಟಾಗ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿಬಂದು, "ಅಕ್ಕಾ, ನಾಳೆ ಎಷ್ಟೊತ್ಗೆ ಬರ್ಲಿ?" ಎಂದು ಕೂಗಿದ.

"ಏಳೂವರೆಗೆ!" ಅವಳೂ ಕೂಗಿದಳು.

ಪಕ್ಕದಲ್ಲಿ ಯಶಸ್ವಿನಿ ಭೌತಶಾಸ್ತ್ರದ ಪುಸ್ತಕ ತೆರೆದು ಓದತೊಡಗಿದ್ದಳು. ಇವತ್ತಿಗೆ ಇವಳು ಉಳಿದಳು. ಸಂತೋಷಪಡಬೇಕಿತ್ತು, ಶಾಂತಕುಮಾರಿಗೆ ಅಳುವೇ ಬರುವಂತಾಯಿತು. ಅಷ್ಟರಲ್ಲಿ ಫೋನು ಟುಂಯ್ ಅಂದಿತು. ಗುಲಾಬಿ ಇರಬೇಕೆಂದುಕೊಂಡು ತೆರೆದಳು. ಚನ್ನರಾಯಪಟ್ಟಣದ ಕಡೆಯ ಯಾರೋ ಹೆಂಗಸು ಬರೆದಿದ್ದಳು: 'ಮೇಡಂ, ನಮ್ಮೂರಲ್ಲೂ ಮಕ್ಕಳಿಗೆ ಬಸ್ ನಿಲ್ಲಿಸಲ್ಲ. ಅಂಥ ಪೇಟ ಬಾಡಿಗೆಗೆ ಎಲ್ಲಿ ಸಿಗುತ್ತೆ?'

ಮೂರು ತಿಂಗಳಲ್ಲಿ ಗುಂಪಿನಲ್ಲಿ ಯಾರಾದರೂ ಕೇಳಿದ ಮೊದಲ ಕೆಲಸದ ಮಾತು ಅದು. ಅವಳ ಚೀಲದಲ್ಲಿ ಸೀಲು ಹೊಡೆದ ಎಂಟು ಅರ್ಜಿಗಳ ಪ್ರತಿಗಳಿದ್ದವು. ಅವನ್ನು ಯಾರೂ ಕೇಳಿರಲಿಲ್ಲ. ಶಾಂತಕುಮಾರಿ ಹಲ್ಲು ಕಚ್ಚಿಕೊಂಡು ಶಾಮಿಯಾನದವನ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿ ಕಳಿಸಿದಳು.