ಒಂದು ಸುತ್ತಿನ ಉಪಕಾರ

ಮನೆಗೆ ಮಾರಿ, ಪರರಿಗೆ ಉಪಕಾರಿ ಅಂತಾರಲ್ಲ, ಆ ಗಾದೆಯನ್ನು ಗರಿಗರಿ ಮಾವನ ಅಳತೆ ತಗೊಂಡೇ ಹೊಲಿದಿರಬೇಕು. ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಿದ್ದ. ಯಾರಾದರೂ ಕೋಣೆಯಿಂದ ಎದ್ದರೆ ಸಾಕು, ಬೆನ್ನ ಹಿಂದೆಯೇ ಹೋಗಿ ಫ್ಯಾನ್ ನಿಲ್ಲಿಸುತ್ತಿದ್ದ. ಕಾಗದದ ಕಾರ್ಖಾನೆಗೆ ಕಾಲಿಟ್ಟನೋ, ಅದೇ ಪುಣ್ಯಾತ್ಮನ ಕೈಗೆ ಹಿಡಿತವೇ ಇರಲಿಲ್ಲ.

ಅಲ್ಲಿ ಅವನು ಹಾಳೆ ಒಣಗಿಸುವ ವಿಭಾಗದ ಮೇಸ್ತ್ರಿ. ಹಸಿ ಹಾಳೆ ಹಬೆ ತುಂಬಿದ ಕಬ್ಬಿಣದ ಉರುಳೆಗಳ ಮೇಲೆ ಹಾದು ಒಣಗಬೇಕು. ಮಾವ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗರಿಗರಿ ಅಂದರೆ ಮಾತ್ರ ತಲೆಯಾಡಿಸುತ್ತಿದ್ದ. ಹಸಿ ಉಳಿದು ಹಾಳೆ ಹರಿದರೆ ಮಾನ ಹೋಗುತ್ತದೆ; ಅತಿಯಾಗಿ ಒಣಗಿಸಿದವನನ್ನು ಮಾತ್ರ ಯಾರೂ ಬೈದದ್ದಿಲ್ಲ. ಅದಕ್ಕೇ ಪಾಳಿ ಮುಗಿಸಿದವನು, ಮುಂದಿನವನಿಗೆ ತೊಂದರೆಯಾಗದಿರಲಿ ಅಂತ, ಹಬೆಯ ವಾಲ್ವನ್ನು ಒಂದು ಸುತ್ತು ಜಾಸ್ತಿ ತೆರೆದಿಟ್ಟು ಹೋಗುವುದು ಅಲ್ಲಿಯ ಪದ್ಧತಿ. ಒಂದು ಸುತ್ತಿನ ಉಪಕಾರ ಅಂತ ಅದಕ್ಕೆ ಹೆಸರು. ಉಪಕಾರ ಮಾಡುವವರೇ ಎಲ್ಲ, ಹಿಂದಕ್ಕೆ ತಿರುಗಿಸುವವರು ಒಬ್ಬರಾದರೂ ಬೇಡವೇ?

ಕೊನೆಗೆ ಮಾಲೀಕರು ಹೇಳಿಯೇ ಬಿಟ್ಟರು. ಈ ಹಳೇ ಯಂತ್ರಕ್ಕೆ ಹಬೆ ಊಡಿಸಿ ಊಡಿಸಿ ಸಾಕಾಗಿದೆ, ತಿಂಗಳೊಪ್ಪತ್ತಿನಲ್ಲಿ ಸರಿಹೋಗದಿದ್ದರೆ ಅದನ್ನು ನಿಲ್ಲಿಸುತ್ತೇವೆ ಅಂತ. ನಿಂತರೆ ಅದರ ಸುತ್ತ ದುಡಿಯುವವರೆಲ್ಲ ಮನೆಗೆ. ಹಬೆ ಎಲ್ಲಿ ಪೋಲಾಗುತ್ತಿದೆ ಅಂತ ಹುಡುಕುವ ಕೆಲಸ ಅಲ್ಲಿಯ ಇಂಜಿನಿಯರ್ ಕೊರಳಿಗೆ ಬಿತ್ತು. ಆಕೆ ಮತ್ಯಾರೂ ಅಲ್ಲ, ಮಾವನ ಸ್ವಂತ ಸೊಸೆ.

ಜಾಣೆ ಅವಳು, ಯಂತ್ರದ ಮುಂದೆ ಎಲ್ಲರೆದುರು ಏನೂ ಅನ್ನಲಿಲ್ಲ. ಮಾವನನ್ನು ಗೋದಾಮಿಗೆ ಕರೆದೊಯ್ದು, ಅವನೇ ಒಣಗಿಸಿದ ಹಾಳೆಗಳನ್ನು ತೋರಿಸಿದಳು. ಗಾಳಿಯ ತೇವ ಕುಡಿದು ಅಂಚೆಲ್ಲ ಸುರುಳಿ ಸುತ್ತಿತ್ತು. ಮಾವ ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಗರಿಯೂ ಇಲ್ಲ, ಗುರಿಯೂ ಇಲ್ಲ.

"ಅಷ್ಟೊಂದು ಬೆಂಕಿ ಹಾಕಿ ಓಡಿಸಿದ ನೀರು ವಾಪಸ್ ಬಂದು ಕೂತಿದೆ ಮಾವ," ಅಂದಳು. "ಮನೇಲಿ ಹಾಲು ಉಕ್ಕಿದ ಮೇಲೂ ಒಲೆ ಉರಿಸ್ತೀರಾ?"

ಇಷ್ಟು ಜನರ ಅನ್ನಕ್ಕೆ ತಾನೇ ಕಲ್ಲು ಹಾಕುತ್ತಿದ್ದೆನಲ್ಲ ಅಂತ ಮಾವನಿಗೆ ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ವಾಲ್ವನ್ನು ಚೂರು ಚೂರೇ ಹಿಂದಕ್ಕೆ ತಿರುಗಿಸುತ್ತಾ ಬಂದ. ಮಧ್ಯಾಹ್ನದ ಹೊತ್ತಿಗೆ ಹಾಳೆ ಹರಿದೇ ಹೋಯಿತು. ಎಲ್ಲರೂ ಅವನ ಮುಖ ನೋಡಿದರು. ಹಳೇ ಅಭ್ಯಾಸ, ವಾಲ್ವನ್ನು ಪೂರ್ತಿ ತೆರೆಯಲು ಕೈ ತುರಿಸಿತು. ಆದರೆ ಕೂದಲೆಳೆಯಷ್ಟೇ ತೆರೆದು ಹಾಳೆಯನ್ನು ಮತ್ತೆ ಹಾಯಿಸಿದ. ಈ ಸಲ ಅದು ಸಲೀಸಾಗಿ ಓಡಿತು.

ಪಾಳಿ ಬದಲಾಗುವಾಗ ಅವನ ಭಾವಮೈದ ಬಂದ. ಮುಂದಿನ ಪಾಳಿಯ ಮೇಸ್ತ್ರಿ ಅವನೇ. ವಾಲ್ವ್ ನೋಡಿದ್ದೇ ಅವನ ಮುಖ ಸಣ್ಣಗಾಯಿತು.

"ಏನ್ ಭಾವ, ನನ್ನ ಮೇಲೆ ಕೋಪಾನಾ?"

ವಾಲ್ವಿನತ್ತ ಹೋದ ಅವನ ಕೈಯ ಮೇಲೆ ಮಾವ ತನ್ನ ಕೈಯಿಟ್ಟ. "ಇಷ್ಟರಲ್ಲೇ ನಡೀತಿದೆ ಕಣಯ್ಯ. ಹರಿದರೆ ಬೈಸಿಕೊಳ್ಳೋಕೆ ನಾನಿಲ್ಲೇ ಇರ್ತೀನಲ್ಲ."

ಮನೆಗೆ ಹೋಗದೆ ಅಲ್ಲೇ ಸ್ಟೂಲ್ ಎಳೆದು ಕೂತ. ಹಾಳೆ ಹರಿಯಲಿಲ್ಲ. ಭಾವಮೈದನೂ ತನ್ನ ಪಾಳಿ ಮುಗಿದ ಮೇಲೆ ಅದೇ ಸ್ಟೂಲಿನ ಮೇಲೆ ಕೂತ.

ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಹಬೆ ಕಾಯಿಸುವ ಎರಡು ಬಾಯ್ಲರುಗಳಲ್ಲಿ ಒಂದನ್ನು ಆರಿಸಿದರು. ಯಂತ್ರ ನಿಲ್ಲಲಿಲ್ಲ. ಈಗ ಪಾಳಿ ಮುಗಿಸಿದವರು ಯಾರೂ ವಾಲ್ವ್ ಮುಟ್ಟುವುದಿಲ್ಲ, ಸ್ವಲ್ಪ ಹೊತ್ತು ಜೊತೆಗೆ ಕೂತು ಹೋಗುತ್ತಾರೆ. ಅದಕ್ಕೂ ಒಂದು ಸುತ್ತಿನ ಉಪಕಾರ ಅಂತಲೇ ಹೆಸರು.